ಹಳೆ ವ್ಯಾನಗನ್‌ಗೆ ಸುಬಾರು ಎಂಜಿನ್: ಮನೆ ಗ್ಯಾರೇಜಿನಲ್ಲೇ ಹಾಕುವುದು ಹೇಗೆ

ಅಮೆರಿಕದ ಪೋರ್ಟ್‌ಲೆಂಡಿನಿಂದ ಐ-5 ಹೆದ್ದಾರಿ ಹಿಡಿದು ಕ್ಯಾಲಿಫೋರ್ನಿಯಾ ಕಡೆಗೆ ಹೊರಟರೆ, ಆಶ್‌ಲೆಂಡ್ ಊರು ದಾಟಿದ ಮೇಲೆ ಸಿಸ್ಕಿಯೂ ಏರು ಸಿಗುತ್ತದೆ. ಇಡೀ ಐ-5ರಲ್ಲಿ ಅದೇ ಅತಿ ಎತ್ತರದ ಜಾಗ, 1,314 ಮೀಟರ್. ನಮ್ಮ 1987ರ ವ್ಯಾನಗನ್, ಅಂದರೆ ಫೋಕ್ಸ್‌ವ್ಯಾಗನ್ ಕಂಪನಿಯ ಹಳೆ ವ್ಯಾನು, ಆ ಏರನ್ನು ಶಿರಾಡಿ ಘಾಟಿಯಲ್ಲಿ ಲೋಡು ಲಾರಿ ಹತ್ತಿದ ಹಾಗೆ ಹತ್ತುತ್ತಿತ್ತು. ಮೂರನೇ ಗೇರಿನಲ್ಲಿ ಶುರುವಾಗಿ, ಅರ್ಧ ದಾರಿಯಲ್ಲಿ ಎರಡಕ್ಕೆ ಇಳಿದು, ಬಲಬದಿಯ ಲೇನಿನಲ್ಲಿ ಲಾರಿಗಳ ಹಿಂದೆ. ಈಗ ಅದೇ ಗಾಡಿ, ಅದೇ ಗೇರ್‌ಬಾಕ್ಸು, ಅದೇ ಸಾಮಾನು, ಮೂರನೇ ಗೇರಿನಲ್ಲೇ ಆರಾಮಾಗಿ ಹತ್ತುತ್ತದೆ. ಹಿಂದೆ ಕೂತಿರುವುದು ಮಾತ್ರ ಸುಬಾರು ಕಂಪನಿಯ ಲೆಗಸಿ ಕಾರಿನ ಎಂಜಿನ್.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಎಂಜಿನ್ ಎತ್ತಿ ಕೂರಿಸಿ ಬೋಲ್ಟ್ ಬಿಗಿಯುವುದು ಒಂದು ಶನಿವಾರದ ಕೆಲಸ. ಅದಕ್ಕೆ ನೀರು ಸರಿಯಾಗಿ ಸುತ್ತುವಂತೆ, ಕರೆಂಟು ಬರಬೇಕಾದಲ್ಲಿ ಬರುವಂತೆ, ಪೆಟ್ರೋಲ್ ಎಲ್ಲೂ ಜಿನುಗದಂತೆ ಮಾಡುವುದು ತಿಂಗಳುಗಳ ಕೆಲಸ. ನನಗೆ ಏಳು ತಿಂಗಳ ವಾರಾಂತ್ಯಗಳು ಹಿಡಿದವು. ಆದ್ದರಿಂದ ಈ ಬರಹದಲ್ಲೂ ಎಂಜಿನ್ ಕೂರಿಸುವ ಭಾಗ ಚಿಕ್ಕದು, ಉಳಿದದ್ದು ಉದ್ದ.

ಯಾವ ಗಾಡಿ, ಯಾವ ಎಂಜಿನ್

ಫೋಕ್ಸ್‌ವ್ಯಾಗನ್ ಟಿ3 ಅನ್ನು ಅಮೆರಿಕದಲ್ಲಿ ವ್ಯಾನಗನ್ ಅನ್ನುತ್ತಾರೆ, ಬ್ರಿಟನ್ನಿನಲ್ಲಿ ಟಿ25. 1979ರಲ್ಲಿ ಜರ್ಮನಿಯಲ್ಲಿ ಬಂತು. ಅಮೆರಿಕದಲ್ಲಿ 1991ರ ಮಾದರಿಗೆ ನಿಂತಿತು, ದಕ್ಷಿಣ ಆಫ್ರಿಕಾದಲ್ಲಿ 2002ರವರೆಗೂ ತಯಾರಾಗುತ್ತಿತ್ತು. ಮೇಲೆ ಎದ್ದು ನಿಲ್ಲುವ ಚಾವಣಿ, ಒಲೆ, ಫ್ರಿಜ್, ಹಾಸಿಗೆ ಎಲ್ಲಾ ಇರುವ ವೆಸ್ಟ್‌ಫಾಲಿಯಾ ಮಾದರಿಯೇ ಜನ ಇಷ್ಟಪಡುವ ಕ್ಯಾಂಪರ್. ನಾಲ್ಕು ಜನ, ನೀರು, ಸಾಮಾನು ತುಂಬಿದರೆ ಎರಡು ಟನ್ ದಾಟುತ್ತದೆ. ಇದನ್ನು ಎಳೆಯುವುದು ಹಿಂಭಾಗದ ಹಾಸಿಗೆಯ ಕೆಳಗಿರುವ ಎಂಜಿನ್. ಶುರುವಿನಲ್ಲಿ ಗಾಳಿಯಿಂದ ತಣಿಯುವ 2 ಲೀಟರಿನದು ಇತ್ತು. ಆಮೇಲೆ ನೀರಿನಿಂದ ತಣಿಯುವ 1.9 ಲೀಟರಿನದು ಬಂತು, 82 ಕುದುರೆಶಕ್ತಿ. 1986ರಿಂದ 2.1 ಲೀಟರು, 95 ಕುದುರೆಶಕ್ತಿ.

ಈ ನೀರಿನ ಎಂಜಿನ್ನಿಗೆ ಒಂದು ಹುಟ್ಟು ದೋಷ ಇದೆ. ಸಿಲಿಂಡರ್ ಹೆಡ್ಡಿನ ಹೊರಅಂಚಿನಲ್ಲಿ ನೀರನ್ನು ಹಿಡಿದಿಡುವುದು ರಬ್ಬರಿನ ಗ್ಯಾಸ್ಕೆಟ್. ಕೂಲಂಟ್ (ಎಂಜಿನ್ ತಣಿಸುವ ದ್ರವ) ಹಳತಾದರೆ ಆ ಜಾಗದಲ್ಲಿ ಹೆಡ್ಡಿನ ಅಲ್ಯೂಮಿನಿಯಂ ಸವೆದು ಗುಳಿ ಬೀಳುತ್ತದೆ, ಆಮೇಲೆ ಸೋರಿಕೆ. ನಮ್ಮದೂ ಹಾಗೇ ಶುರುವಾಯಿತು.

ಬದಲಿಗೆ ಏನು ಹಾಕಬಹುದು ಅನ್ನುವುದಕ್ಕೆ ಉತ್ತರ ಹಲವು ಇವೆ. ಫೋಕ್ಸ್‌ವ್ಯಾಗನ್ನಿನದೇ ಟಿಡಿಐ ಡೀಸೆಲ್ ಹಾಕುವವರಿದ್ದಾರೆ, ಫೋರ್ಡ್ ಝೆಟೆಕ್ ಹಾಕುವವರಿದ್ದಾರೆ. ಮನೆಯಲ್ಲಿ ಮೊದಲ ಸಲ ಮಾಡುವವರಿಗೆ ನನ್ನ ಸಲಹೆ 1990ರಿಂದ 1994ರ ಲೆಗಸಿಯ ಇಜೆ22 ಎಂಜಿನ್, 2.2 ಲೀಟರು, 130 ಕುದುರೆಶಕ್ತಿ. ಕಾರಣ ಸರಳ. ಅದೂ ಹಳೆ ಎಂಜಿನ್ನಿನ ಹಾಗೇ ಅಡ್ಡ ಮಲಗಿದ ನಾಲ್ಕು ಸಿಲಿಂಡರಿನದು, ಆದ್ದರಿಂದ ಹಾಸಿಗೆಯ ಕೆಳಗಿನ ಆ ತಗ್ಗು ಜಾಗದಲ್ಲಿ ಕೂರುತ್ತದೆ, ಗಾಡಿಯ ಮೈ ಕತ್ತರಿಸಬೇಕಿಲ್ಲ. ತಿರುಗುವ ದಿಕ್ಕೂ ಗೇರ್‌ಬಾಕ್ಸಿಗೆ ಹೊಂದುತ್ತದೆ. ಟೈಮಿಂಗ್ ಬೆಲ್ಟ್ ಹರಿದರೂ ಈ ವರ್ಷಗಳ ಎಂಜಿನ್ನಿನಲ್ಲಿ ವಾಲ್ವಿಗೆ ಪಿಸ್ಟನ್ ಬಡಿಯುವುದಿಲ್ಲ (1997ರಿಂದ ಮುಂದಿನವು ಹಾಗಲ್ಲ, ಬಡಿಯುತ್ತವೆ). ಶಕ್ತಿ ಜಾಸ್ತಿ ಬೇಕು ಅಂತ 2.5 ಲೀಟರಿಗೆ ಆಸೆಪಡುವವರು, 1990ರ ದಶಕದ ಕೊನೆಯ ಡಬಲ್ ಕ್ಯಾಮ್ ಇಜೆ25ರ ಹೆಡ್ ಗ್ಯಾಸ್ಕೆಟ್ ಕತೆ ಕೇಳಿ ಆಮೇಲೆ ತೀರ್ಮಾನಿಸಿ. ಒಂದು ಗ್ಯಾಸ್ಕೆಟ್ ಕಾಟದಿಂದ ತಪ್ಪಿಸಿಕೊಂಡು ಇನ್ನೊಂದಕ್ಕೆ ಹೋಗುವುದು ಯಾಕೆ, ಅಲ್ವಾ?

ನಿಮ್ಮದು ಗಾಳಿ ತಣಿಸುವ ಹಳೆ ವ್ಯಾನಗನ್ ಆದರೆ ಈ ಕೆಲಸ ದುಪ್ಪಟ್ಟು. ಅದರಲ್ಲಿ ರೇಡಿಯೇಟರೂ ಇಲ್ಲ, ಮುಂದಕ್ಕೆ ಹೋಗುವ ನೀರಿನ ಪೈಪೂ ಇಲ್ಲ. ಮೊದಲ ಪ್ರಯತ್ನಕ್ಕೆ ಅದು ಬೇಡ.

ಕಾಗದಪತ್ರ ಮೊದಲು

ಎಂಜಿನ್ ಕೊಳ್ಳುವ ಮೊದಲು ನೀವಿರುವ ಜಾಗದ ಹೊಗೆ ನಿಯಮ ಓದಿ. ಕ್ಯಾಲಿಫೋರ್ನಿಯಾದಲ್ಲಿ ನಿಯಮ ಖಚಿತ. ಹಾಕುವ ಎಂಜಿನ್ ಗಾಡಿಯ ವರ್ಷದ್ದೋ ಅದಕ್ಕಿಂತ ಹೊಸದೋ ಆಗಿರಬೇಕು. ಆ ಎಂಜಿನ್ನಿನ ಜೊತೆ ಬಂದ ಹೊಗೆ ತಡೆಯುವ ಭಾಗಗಳೆಲ್ಲಾ, ಕ್ಯಾಟಲಿಟಿಕ್ ಕನ್ವರ್ಟರ್ ಸಮೇತ, ಹಾಗೇ ಇರಬೇಕು. ಕೊನೆಗೆ ರೆಫರಿ ಎಂದು ಕರೆಯುವ ಅಧಿಕೃತ ಪರೀಕ್ಷಕರು ನೋಡಿ ಒಪ್ಪಬೇಕು. ಅಂದರೆ 1991ರ ವ್ಯಾನಗನ್‌ಗೆ 1990ರ ಲೆಗಸಿ ಎಂಜಿನ್ ತಂದರೆ ಅಲ್ಲಿ ದುಡ್ಡು ದಂಡ. ಪೋರ್ಟ್‌ಲೆಂಡ್ ಸುತ್ತಮುತ್ತಲೂ ಎರಡು ವರ್ಷಕ್ಕೊಮ್ಮೆ ಹೊಗೆ ಪರೀಕ್ಷೆ ಇದೆ.

ಊರಿನ ಗೆಳೆಯರು ಫೋನಿನಲ್ಲಿ ಕೇಳುವುದುಂಟು, ನಮ್ಮ ಹಳೆ ಮೆಟಡಾರಿಗೂ ಹೀಗೆ ಮಾಡಬಹುದಾ ಅಂತ. ಕೆಲಸ ಆಗದ್ದೇನಲ್ಲ. ಆದರೆ ಭಾರತದಲ್ಲಿ ಆರ್‌ಟಿಒ ಒಪ್ಪಿಗೆ ಇಲ್ಲದೆ ಎಂಜಿನ್ ಬದಲಿಸುವ ಹಾಗಿಲ್ಲ, ಆರ್‌ಸಿಯಲ್ಲಿ ಎಂಜಿನ್ ನಂಬರೇ ಇರುತ್ತದೆ. ಮೊದಲು ಅಲ್ಲಿ ಕೇಳಿ, ಆಮೇಲೆ ಸ್ಪ್ಯಾನರ್ ಹಿಡಿಯಿರಿ.

ಏನೇನು ಕೂಡಿಸಬೇಕು

ಸಾಧ್ಯವಾದರೆ ಬರೀ ಎಂಜಿನ್ ಕೊಳ್ಳಬೇಡಿ, ಓಡುತ್ತಿರುವ ಇಡೀ ಲೆಗಸಿಯನ್ನೇ ಕೊಳ್ಳಿ. ಮೈ ತುಕ್ಕು ಹಿಡಿದ, ಹಿಂದಿನಿಂದ ಗುದ್ದಿಸಿಕೊಂಡ ಕಾರಾದರೂ ಪರವಾಗಿಲ್ಲ. ಎಂಜಿನ್ ಓಡಿಸಿ, ಬಿಸಿ ಮಾಡಿ, ಕಿವಿಯಿಂದ ಕೇಳಿ ತರಬಹುದು. ಎಂಜಿನ್ನನ್ನು ಆಳುವ ಕಂಪ್ಯೂಟರ್ ಅಂದರೆ ಇಸಿಯು, ವೈರುಗಳ ಕಟ್ಟು ಅಂದರೆ ವೈರಿಂಗ್ ಹಾರ್ನೆಸ್, ಗಾಳಿ ಅಳೆಯುವ ಮಾಸ್ ಏರ್ ಫ್ಲೋ ಸೆನ್ಸರ್, ರಿಲೇಗಳು, ಒಂದೊಂದು ಚಿಕ್ಕ ಬ್ರಾಕೆಟ್ಟು ಕೂಡ ಅದೇ ಗಾಡಿಯದ್ದು ಸಿಗುತ್ತದೆ. ಗುಜರಿಯಿಂದ ಬಿಡಿಬಿಡಿಯಾಗಿ ತಂದರೆ ಯಾವ ಇಸಿಯು ಯಾವ ಹಾರ್ನೆಸ್ಸಿಗೆ ಎಂದು ಹುಡುಕುವುದರಲ್ಲೇ ಎರಡು ತಿಂಗಳು ಹೋಗುತ್ತದೆ. ಗಾಡಿಯದು ಮ್ಯಾನ್ಯುವಲ್ ಗೇರ್ ಆದರೆ ಲೆಗಸಿಯೂ ಮ್ಯಾನ್ಯುವಲ್ ಇರುವುದೇ ವಾಸಿ.

ಹೊಸದಾಗಿ ಕೊಳ್ಳಬೇಕಾದ್ದು ಹೀಗಿವೆ:

- ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಕೂರುವ ಅಡಾಪ್ಟರ್ ಪ್ಲೇಟು, ಅದಕ್ಕೆ ಹೊಂದುವ ಫ್ಲೈವೀಲ್, ಪೈಲಟ್ ಬೇರಿಂಗ್. ಕ್ಯಾಲಿಫೋರ್ನಿಯಾದ ಕೆನಡಿ ಕಂಪನಿಯ ಪ್ಲೇಟು ಈ ಕೆಲಸಕ್ಕೆ ಬಹಳ ಕಾಲದಿಂದ ಬಳಕೆಯಲ್ಲಿದೆ.
- ಎಂಜಿನ್ನನ್ನು ಹಿಂದಿನಿಂದ ಹೊರುವ ಕ್ಯಾರಿಯರ್ ಬಾರ್.
- ಎತ್ತರ ಕಡಿಮೆ ಮಾಡಿದ ಆಯಿಲ್ ಸಂಪ್ (ಎಂಜಿನ್ನಿನ ಅಡಿಯಲ್ಲಿ ಎಣ್ಣೆ ನಿಲ್ಲುವ ತೊಟ್ಟಿ), ಜೊತೆಗೆ ಅದಕ್ಕೆ ತಕ್ಕ ಆಯಿಲ್ ಪಿಕಪ್ ಪೈಪು. ಸುಬಾರು ಸಂಪ್ ಹಾಗೇ ಬಿಟ್ಟರೆ ಗಾಡಿಯ ಹೊಟ್ಟೆಗಿಂತ ಕೆಳಗೆ ನೇತಾಡುತ್ತದೆ, ಒಂದು ಕಲ್ಲು ಸಾಕು.
- ಎಕ್ಸಾಸ್ಟ್ ಹೆಡರ್, ಕನ್ವರ್ಟರ್, ಸೈಲೆನ್ಸರ್.
- ಕ್ಲಚ್ ಸೆಟ್, 2.1 ಲೀಟರ್ ಗಾಡಿಯ 228 ಮಿಲಿಮೀಟರಿನದು.
- ಕೂಲಂಟ್ ಮ್ಯಾನಿಫೋಲ್ಡ್ (ಹಲವು ಹೋಸುಗಳು ಬಂದು ಸೇರುವ ಕವಲು ಪೈಪು) ಮತ್ತು ಹೋಸುಗಳ ಸೆಟ್, ವೇಗದ ಸೆನ್ಸರ್, ಫ್ಯುಯೆಲ್ ಇಂಜೆಕ್ಷನ್ನಿಗೆ ಮಾಡಿದ ಪೆಟ್ರೋಲ್ ಹೋಸು.

ಎಂಜಿನ್ ನೆಲದ ಮೇಲಿರುವಾಗಲೇ

ಸುಬಾರು ಎಂಜಿನ್ ಸ್ಟ್ಯಾಂಡಿನ ಮೇಲಿರುವಾಗ ಕೈ ಎಲ್ಲಾ ಕಡೆ ಹೋಗುತ್ತದೆ. ಗಾಡಿಯೊಳಗೆ ಹೋದ ಮೇಲೆ ಹೋಗುವುದಿಲ್ಲ. ಟೈಮಿಂಗ್ ಬೆಲ್ಟ್, ಅದರ ಟೆನ್ಷನರ್ ಮತ್ತು ಉರುಳೆಗಳು, ವಾಟರ್ ಪಂಪ್, ಕ್ರ್ಯಾಂಕ್ ಮತ್ತು ಕ್ಯಾಮ್ ಸೀಲುಗಳು, ವಾಲ್ವ್ ಕವರ್ ಗ್ಯಾಸ್ಕೆಟ್, ಪ್ಲಗ್ಗು, ಪ್ಲಗ್ ವೈರು, ಇವೆಲ್ಲಾ ಈಗಲೇ ಹೊಸದು ಹಾಕಿ. ಎರಡು ಜಾಗ ಜನ ಮರೆಯುತ್ತಾರೆ. ಒಂದು, ಆಯಿಲ್ ಪಂಪಿನ ಹಿಂದಿನ ತಗಡಿನ ಸ್ಕ್ರೂಗಳು. ವರ್ಷಗಳು ಕಳೆದಂತೆ ಸಡಿಲವಾಗುತ್ತವೆ, ಪಂಪು ಬಿಚ್ಚಿ ಅವನ್ನು ಲಾಕ್ಟೈಟ್ (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು) ಹಾಕಿ ಬಿಗಿಯಬೇಕು. ಇನ್ನೊಂದು, ಫ್ಲೈವೀಲಿನ ಹಿಂದೆ ಇರುವ ಆಯಿಲ್ ಸೆಪರೇಟರ್ ಪ್ಲೇಟು. ಪ್ಲಾಸ್ಟಿಕ್ಕಿನದು ಇದ್ದರೆ ತೆಗೆದು ಲೋಹದ್ದು ಹಾಕಿ. ಇಲ್ಲದಿದ್ದರೆ ಹೊಸ ಕ್ಲಚ್ಚಿನ ಪಕ್ಕದಲ್ಲೇ ಎಣ್ಣೆ ಜಿನುಗುತ್ತದೆ, ಅದಕ್ಕಾಗಿ ಮತ್ತೆ ಇಡೀ ಎಂಜಿನ್ ಇಳಿಸಬೇಕು.

ಥರ್ಮೋಸ್ಟಾಟ್, ಅಂದರೆ ಬಿಸಿ ನೋಡಿ ನೀರಿನ ದಾರಿ ತೆರೆದು ಮುಚ್ಚುವ ವಾಲ್ವ್, ಮಾತ್ರ ಸುಬಾರು ಕಂಪನಿಯದೇ ತನ್ನಿ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವವು ಗಾತ್ರದಲ್ಲಿ ಚಿಕ್ಕವು, ತೆರೆದಾಗ ಬಿಡುವ ನೀರೂ ಕಡಿಮೆ. ಮುಂದೆ ಓದಿದರೆ ಇದರಲ್ಲಿ ಯಾಕೆ ಜಿಪುಣತನ ಬೇಡ ಅಂತ ಗೊತ್ತಾಗುತ್ತದೆ.

ಹಳೆಯದನ್ನು ಇಳಿಸುವುದು

ವ್ಯಾನಗನ್ ಎಂಜಿನ್ ಮೇಲಕ್ಕೆ ಬರುವುದಿಲ್ಲ, ಕೆಳಕ್ಕೆ ಇಳಿಯುತ್ತದೆ. ಮುಂದಿನ ಚಕ್ರಗಳಿಗೆ ಅಡ್ಡಗಟ್ಟೆ ಕೊಡಿ, ಹಿಂಭಾಗ ಎತ್ತಿ ಗಟ್ಟಿ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ. ಬರೀ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಒಂದು ನಿಮಿಷವೂ ಹೋಗಬೇಡಿ. ಮುಂದಿನ ಸೀಟಿನ ಕೆಳಗಿರುವ ಬ್ಯಾಟರಿ ಕಳಚಿ. ಕೂಲಂಟ್, ಎಣ್ಣೆ ಬಸಿಯಿರಿ. ಕೂಲಂಟ್ ಬೋಗುಣಿಯನ್ನು ತೆರೆದಿಡಬೇಡಿ, ಸಿಹಿ ಅಂತ ನಾಯಿ ಬೆಕ್ಕು ಕುಡಿಯುತ್ತವೆ, ಅದು ವಿಷ.

ಕಳಚುವ ಪ್ರತಿ ವೈರಿಗೂ ಹೋಸಿಗೂ ಚೀಟಿ ಕಟ್ಟಿ, ಫೋಟೋ ತೆಗೆಯಿರಿ. ಆಕ್ಸೆಲ್‌ಗಳನ್ನು ಮುಟ್ಟಬೇಕಿಲ್ಲ, ಗೇರ್‌ಬಾಕ್ಸ್ ಇದ್ದಲ್ಲೇ ಇರಲಿ. ಅದರ ಕೆಳಗೆ ಒಂದು ಆಸರೆ ಕೊಟ್ಟು, ಎಂಜಿನ್ನಿನ ಕೆಳಗೆ ಅಗಲ ತಲೆಯ ಜಾಕ್ ಇಟ್ಟು, ಎಂಜಿನ್ ಗೇರ್‌ಬಾಕ್ಸಿಗೆ ಸೇರುವ ಬೆಲ್‌ಹೌಸಿಂಗಿನ ಮೇಲಿನ ಎರಡು, ಕೆಳಗಿನ ಎರಡು ಬೋಲ್ಟ್ ಬಿಚ್ಚಿ, ಆಮೇಲೆ ಕ್ಯಾರಿಯರ್ ಬಾರಿನ ಬೋಲ್ಟುಗಳನ್ನು ಬಿಚ್ಚಿ. ಎಂಜಿನ್ನನ್ನು ಹಿಂದಕ್ಕೆ ಸರಿಸಿ ಗೇರ್‌ಬಾಕ್ಸಿನ ಶಾಫ್ಟಿನಿಂದ ಬಿಡಿಸಿದ ಮೇಲೆಯೇ ಕೆಳಗಿಳಿಸಬೇಕು. ಇದಕ್ಕೆ ಇಬ್ಬರು ಬೇಕು. ಒಬ್ಬರು ಜಾಕಿನ ಹತ್ತಿರ, ಇನ್ನೊಬ್ಬರು ಎಲ್ಲೂ ವೈರು, ಹೋಸು ಸಿಕ್ಕಿಕೊಂಡಿಲ್ಲ ಅಂತ ನೋಡುತ್ತಾ ಇರಲಿ.

ಈಗ ಖಾಲಿಯಾದ ಜಾಗವನ್ನು ತೊಳೆಯಿರಿ. ಗೇರ್‌ಬಾಕ್ಸ್ ಸೀಲು, ಕ್ಲಚ್ ರಿಲೀಸ್ ಬೇರಿಂಗ್, ಗಾಡಿಯ ಹೊಟ್ಟೆಯಡಿ ಮುಂದಕ್ಕೆ ಹೋಗುವ ಉದ್ದ ನೀರಿನ ಪೈಪುಗಳು, ಇವನ್ನು ನೋಡುವ ಸಮಯ ಇದೇ. ಹಲವು ಗಾಡಿಗಳಲ್ಲಿ ಆ ಪೈಪು ಪ್ಲಾಸ್ಟಿಕ್ಕಿನದು. ಹೋಸು ಸೇರುವ ತುದಿಗಳು ಕುಗ್ಗಿದ್ದರೆ ಸ್ಟೀಲಿನದು ಹಾಕಿಸಿ.

ಕೂರಿಸುವುದು

ಅಡಾಪ್ಟರ್ ಪ್ಲೇಟನ್ನು ಎಂಜಿನ್ನಿಗೆ ಬಿಗಿದು, ಫ್ಲೈವೀಲ್ ಹಾಕಿ. ಬೋಲ್ಟುಗಳನ್ನು ಟಾರ್ಕ್ ರೆಂಚಿನಲ್ಲೇ, ಎದುರು ಬದುರು ಕ್ರಮದಲ್ಲಿ, ಪ್ಲೇಟು ಕೊಟ್ಟವರು ಹೇಳಿದ ಲೆಕ್ಕಕ್ಕೆ ಬಿಗಿಯಿರಿ. ಕ್ಲಚ್ ಪ್ಲೇಟನ್ನು ಜೋಡಣೆಯ ಕಡ್ಡಿ ಇಟ್ಟು ನಟ್ಟನಡುವೆ ಕೂರಿಸಿ. ಎಂಜಿನ್ ಎತ್ತಿ ಶಾಫ್ಟಿಗೆ ಸೇರಿಸುವಾಗ ಎರಡು ಮೈಗಳ ನಡುವಿನ ಸಂದು ಸುತ್ತಲೂ ಒಂದೇ ಇರಬೇಕು. ಬೋಲ್ಟ್ ಬಿಗಿದು ಎಳೆದುಕೊಳ್ಳಬೇಡಿ. ಕೈಯಿಂದ ನೂಕಿದಾಗಲೇ ಪೂರ್ತಿ ಸೇರಬೇಕು. ಸೇರದಿದ್ದರೆ ಹಿಂದಕ್ಕೆ ತಂದು ಕ್ಲಚ್ ಮತ್ತೆ ನೋಡಿ.

ನೀರು: ಇಲ್ಲಿ ನಿಧಾನ

ಲೆಗಸಿಯಲ್ಲಿ ರೇಡಿಯೇಟರ್ ಎಂಜಿನ್ನಿನ ಮೂಗಿನ ಮುಂದೆಯೇ ಇರುತ್ತದೆ. ವ್ಯಾನಗನ್ನಿನಲ್ಲಿ ಗಾಡಿಯ ಆ ತುದಿಯಲ್ಲಿ. ಹಾಗಾಗಿ ಒಟ್ಟು 16 ಲೀಟರಿನಷ್ಟು ಕೂಲಂಟ್ ಇಷ್ಟು ಉದ್ದ ಓಡಾಡಬೇಕು. ಬರೀ ದೂರ ಆಗಿದ್ದರೆ ತೊಂದರೆ ಇರಲಿಲ್ಲ. ತೊಂದರೆ ಥರ್ಮೋಸ್ಟಾಟ್ ಕೂತಿರುವ ಜಾಗದ್ದು. ಸುಬಾರು ಎಂಜಿನ್ನಿನಲ್ಲಿ ಅದು ಬಿಸಿನೀರು ಹೊರಹೋಗುವ ಕಡೆ ಇಲ್ಲ, ತಣ್ಣೀರು ಒಳಬರುವ ಕಡೆ, ವಾಟರ್ ಪಂಪಿನ ಕೆಳಗೆ ಇದೆ. ಎಂಜಿನ್ ಬಿಸಿಯಾದದ್ದು ಅದಕ್ಕೆ ಗೊತ್ತಾಗುವುದು ಹೇಗೆ? ಗಾಡಿಯೊಳಗೆ ಬೆಚ್ಚಗಿಡುವ ಹೀಟರಿನಿಂದ ಸುತ್ತಿ ವಾಪಸು ಬರುವ ಬಿಸಿನೀರು ಅದರ ಬೆನ್ನಿಗೆ ತಾಗಬೇಕು. ಆಗ ಮಾತ್ರ ತೆರೆದುಕೊಳ್ಳುತ್ತದೆ, ಸುಮಾರು 78 ಡಿಗ್ರಿ ಸೆಲ್ಸಿಯಸ್‌ನಲ್ಲಿ.

ವ್ಯಾನಗನ್ನಿನಲ್ಲಿ ಹೀಟರಿಗೆ ಮುಚ್ಚುವ ವಾಲ್ವ್ ಇದೆ. ಹೀಟರ್ ಮುಚ್ಚಿದರೆ ಆ ಸುತ್ತು ನಿಲ್ಲುತ್ತದೆ. ಎಂಜಿನ್ ಕುದಿಯುತ್ತಿರುತ್ತದೆ, ಥರ್ಮೋಸ್ಟಾಟಿನ ಬೆನ್ನು ಮಾತ್ರ ತಣ್ಣಗಿರುತ್ತದೆ. ನನ್ನ ಗಾಡಿಯಲ್ಲಿ ಆದದ್ದು ಇದೇ. ಒಂದು ಜನವರಿ ಬೆಳಿಗ್ಗೆ ಟೆಂಪರೇಚರ್ ಮುಳ್ಳು ಸರ್ರನೆ ಮೇಲೇರಿ, ಎರಡು ನಿಮಿಷಕ್ಕೆ ದಬಕ್ಕನೆ ಕೆಳಗೆ ಬಿತ್ತು, ಮತ್ತೆ ಏರಿತು. ಹೆಡ್ ಗ್ಯಾಸ್ಕೆಟ್ ಹೋಯಿತೇನೋ ಅಂತ ನನಗೆ ಆ ದಿನ ಊಟ ಸೇರಲಿಲ್ಲ. ಗ್ಯಾಸ್ಕೆಟ್ ಚೆನ್ನಾಗೇ ಇತ್ತು. ಹೀಟರ್ ಮುಚ್ಚಿದ್ದೆ, ಅಷ್ಟೇ.

ಪರಿಹಾರ ಕೆಲವು ಡಾಲರಿನದು. ಮೇಲಿನ ಬಿಸಿನೀರಿನ ಮ್ಯಾನಿಫೋಲ್ಡಿನಿಂದ ಹೀಟರ್ ವಾಪಸಾಗುವ ಪೈಪಿಗೆ, ನಡುವೆ ಯಾವ ವಾಲ್ವೂ ಇಲ್ಲದೆ, ಯಾವಾಗಲೂ ತೆರೆದಿರುವ ಒಂದು ಬೈಪಾಸ್ ಹೋಸು ಹಾಕಿ. ಈ ಬರಹದಲ್ಲಿ ಒಂದೇ ಒಂದು ಸಾಲು ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ.

ಎಂಜಿನ್ನಿನ ಅತಿ ಎತ್ತರದ ಜಾಗದಿಂದ ಒಂದು ಸಣ್ಣ ಹೋಸು ವ್ಯಾನಗನ್ನಿನ ಎಕ್ಸ್‌ಪಾನ್ಷನ್ ಟ್ಯಾಂಕಿಗೆ ಹೋಗಲಿ, ಗಾಳಿ ಆ ದಾರಿಯಲ್ಲಿ ಹೊರಬರುತ್ತದೆ. ಡ್ಯಾಶ್‌ಬೋರ್ಡಿನ ಮುಳ್ಳಿಗೆ ಸುಬಾರು ಸೆನ್ಸರ್ ಆಗುವುದಿಲ್ಲ, ಫೋಕ್ಸ್‌ವ್ಯಾಗನ್ ಸೆನ್ಸರನ್ನೇ ಮ್ಯಾನಿಫೋಲ್ಡಿಗೆ ಕೂರಿಸಿ. ಕೂಲಂಟ್ ತುಂಬುವಾಗ ಗಾಡಿಯ ಮೂತಿಯನ್ನು 40 ಸೆಂಟಿಮೀಟರಿನಷ್ಟು ಎತ್ತಿ, ರೇಡಿಯೇಟರ್ ತಲೆಯ ಸ್ಕ್ರೂ ಸಡಿಲಿಸಿ, ಎಂಜಿನ್ನನ್ನು 2,000 ಆರ್‌ಪಿಎಮ್‌ನಲ್ಲಿ ಹಿಡಿಯಿರಿ. ಬುಸುಬುಸು ಗುಳ್ಳೆ ನಿಂತು ಒಂದೇ ಧಾರೆ ಬಂದಾಗ ಸ್ಕ್ರೂ ಮುಚ್ಚಿ. ಫಾಸ್ಫೇಟ್ ಇಲ್ಲದ ಕೂಲಂಟ್ ಹಾಕಿ.

ವೈರಿಂಗ್

ಲೆಗಸಿಯ ಹಾರ್ನೆಸ್ ಬಿಚ್ಚಿ ನೆಲದ ಮೇಲೆ ಹರಡಿದಾಗ ಎದೆ ಧಸಕ್ಕೆನ್ನುತ್ತದೆ. ಕಿಟಕಿ, ಬಾಗಿಲು, ದೀಪ, ಎಸಿ ಎಲ್ಲದರ ವೈರೂ ಅದರಲ್ಲೇ. ಬೇಕಾದ್ದು ಎಂಜಿನ್ ಭಾಗ ಮಾತ್ರ: ಇಸಿಯು, ಇಂಜೆಕ್ಟರುಗಳು, ಕಾಯಿಲ್ ಮತ್ತು ಇಗ್ನೈಟರ್, ಕ್ರ್ಯಾಂಕ್ ಮತ್ತು ಕ್ಯಾಮ್ ಸೆನ್ಸರ್, ನಾಕ್ ಸೆನ್ಸರ್, ಆಕ್ಸಿಜನ್ ಸೆನ್ಸರ್, ಮಾಸ್ ಏರ್ ಫ್ಲೋ, ಐಡಲ್ ವಾಲ್ವ್, ಎರಡು ರಿಲೇ. ಆ ವರ್ಷದ ಲೆಗಸಿಯ ವೈರಿಂಗ್ ನಕ್ಷೆ ಎದುರಿಗಿಟ್ಟುಕೊಂಡು, ಒಂದೊಂದು ವೈರನ್ನೂ ಈ ತುದಿಯಿಂದ ಆ ತುದಿಗೆ ಮಲ್ಟಿಮೀಟರಿನಲ್ಲಿ ನೋಡಿ, ಆಮೇಲೆ ಬೇಡದ್ದನ್ನು ತೆಗೆಯಿರಿ. ಸಂಶಯ ಬಂದರೆ ಕತ್ತರಿಸಬೇಡಿ, ಪಕ್ಕಕ್ಕೆ ಸುತ್ತಿಡಿ.

ಕೊನೆಗೆ ಗಾಡಿಗೆ ಸೇರಬೇಕಾದ ವೈರು ಎಂಟು ಹತ್ತು ಮಾತ್ರ. ಯಾವಾಗಲೂ ಇರುವ ಬ್ಯಾಟರಿ ಕರೆಂಟು, ಕೀ ತಿರುಗಿಸಿದಾಗ ಬರುವ ಕರೆಂಟು, ಸ್ಟಾರ್ಟ್ ಸಿಗ್ನಲ್, ಅರ್ತ್, ಪೆಟ್ರೋಲ್ ಪಂಪ್, ಚೆಕ್ ಎಂಜಿನ್ ದೀಪ, ಆರ್‌ಪಿಎಮ್ ಮುಳ್ಳು, ವೇಗದ ಸೆನ್ಸರ್. ಅರ್ತ್ ವೈರುಗಳನ್ನು ಸುಬಾರು ಎಲ್ಲಿ ಕೂರಿಸಿತ್ತೋ ಅಲ್ಲೇ, ಇನ್‌ಟೇಕ್ ಮ್ಯಾನಿಫೋಲ್ಡಿನ ಮೇಲೆಯೇ ಬಿಡಿ. ಎಂಜಿನ್ನಿನಿಂದ ಗಾಡಿಯ ಮೈಗೆ ದಪ್ಪ ಅರ್ತ್ ಇನ್ನೊಂದು. ಕಾರಣ ಗೊತ್ತಾಗದ ಕಾಟಗಳಲ್ಲಿ ಬಹಳಷ್ಟು ಕೆಟ್ಟ ಅರ್ತಿನಿಂದಲೇ ಬರುತ್ತವೆ. ವೇಗದ ಸೆನ್ಸರನ್ನು ಬಿಟ್ಟುಬಿಡೋಣ ಅನ್ನಿಸುತ್ತದೆ, ಬಿಡಬೇಡಿ. ಅದಿಲ್ಲದಿದ್ದರೆ ಇಸಿಯು ದೋಷ ತೋರಿಸುತ್ತದೆ. ಅದನ್ನು ವ್ಯಾನಗನ್ನಿನ ಸ್ಪೀಡೋಮೀಟರ್ ಕೇಬಲ್ಲಿಗೇ ಸೇರಿಸಬಹುದು.

ಪೆಟ್ರೋಲ್ ಪಂಪನ್ನು ಕೀ ಕರೆಂಟಿಗೆ ನೇರ ಕೊಡಬಾರದು. ಸುಬಾರು ಇಸಿಯು ರಿಲೇ ಮೂಲಕ ಪಂಪನ್ನು ಆಳುತ್ತದೆ, ಎಂಜಿನ್ ನಿಂತರೆ ಪಂಪನ್ನೂ ನಿಲ್ಲಿಸುತ್ತದೆ. ಅಪಘಾತದಲ್ಲಿ ಹೋಸು ಹರಿದಾಗ ಜೀವ ಉಳಿಸುವುದು ಇದೇ. ನಾನು ಮೊದಲು ತಂದದ್ದು ಬೇರೊಬ್ಬರು ಕತ್ತರಿಸಿ ಸಿದ್ಧಮಾಡಿದ ಹಾರ್ನೆಸ್. ಅದರಲ್ಲಿ ಪಂಪು ನೇರ ಕೀಗೆ ಸೇರಿತ್ತು. ನಕ್ಷೆ ಹಿಡಿದು ಮತ್ತೆ ನೋಡದೇ ಇದ್ದಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ.

ಇನ್ನೊಂದು ಉಪಾಯ: ಎಂಜಿನ್ ಗಾಡಿಗೆ ಹಾಕುವ ಮೊದಲೇ, ಮರದ ಪ್ಯಾಲೆಟ್ಟಿನ ಮೇಲೆ ಭದ್ರವಾಗಿ ಕಟ್ಟಿ, ಹಾರ್ನೆಸ್ ಸೇರಿಸಿ ಒಂದು ಸಲ ಸ್ಟಾರ್ಟ್ ಮಾಡಿ. ನೀರಿಲ್ಲದ್ದರಿಂದ ಅರ್ಧ ನಿಮಿಷ ಸಾಕು. ಇದನ್ನು ಗ್ಯಾರೇಜಿನ ಹೊರಗೆ, ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇಟ್ಟುಕೊಂಡು ಮಾಡಿ.

ಪೆಟ್ರೋಲ್, ಗಾಳಿ, ಹೊಗೆ

ಹಳೆ ವ್ಯಾನಗನ್ನುಗಳು ಸುಟ್ಟು ಹೋಗಿರುವುದಕ್ಕೆ ದೊಡ್ಡ ಕಾರಣ ಒಣಗಿದ ಪೆಟ್ರೋಲ್ ಹೋಸು. ಟ್ಯಾಂಕಿನಿಂದ ಎಂಜಿನ್ನಿನವರೆಗೆ, ವಾಪಸು ಹೋಗುವ ದಾರಿಯೂ ಸೇರಿ, ಪ್ರತಿ ಇಂಚು ಹೋಸು ಬದಲಿಸಿ. ಎಸ್‌ಎಇ ಜೆ30 ಆರ್9 ಅಂತ ಬರೆದಿರುವುದನ್ನೇ ತನ್ನಿ, ಕ್ಲಾಂಪೂ ಇಂಜೆಕ್ಷನ್ನಿಗೆ ಮಾಡಿದ್ದೇ ಇರಲಿ. ಪಂಪು ಹಳೆಯದೇ ಸಾಕು, ಒತ್ತಡ ಹೊಂದುತ್ತದೆ.

ಮಾಸ್ ಏರ್ ಫ್ಲೋ ಸೆನ್ಸರಿನ ಮೇಲೆ ಬಾಣದ ಗುರುತು ಇದೆ, ಗಾಳಿ ಆ ದಿಕ್ಕಿಗೇ ಹೋಗಬೇಕು. ಅಲ್ಲಿಂದ ಥ್ರಾಟಲ್ಲಿಗೆ ಹೋಗುವ ಪೈಪಿನಲ್ಲಿ ಕೂದಲೆಳೆಯ ಬಿರುಕು ಇದ್ದರೂ ಐಡಲ್ ಕುಣಿಯುತ್ತದೆ. ಆಕ್ಸೆಲರೇಟರ್ ಕೇಬಲ್ಲಿಗೆ ಬ್ರಾಕೆಟ್ ನೀವೇ ಮಾಡಬೇಕಾಗಬಹುದು. ಒಬ್ಬರು ಪೆಡಲ್ ಒತ್ತಲಿ, ಇನ್ನೊಬ್ಬರು ಹಿಂದೆ ನಿಂತು ಪೂರ್ತಿ ತೆರೆಯುತ್ತದಾ, ಬಿಟ್ಟರೆ ಪೂರ್ತಿ ಮುಚ್ಚುತ್ತದಾ ನೋಡಲಿ. ಎಕ್ಸಾಸ್ಟ್ ಪೈಪು ಆಕ್ಸೆಲಿನ ರಬ್ಬರ್ ಬೂಟಿಗೂ ನೀರಿನ ಹೋಸಿಗೂ ಹತ್ತಿರ ಹೋಗುವ ಕಡೆ ಶಾಖ ತಡೆಯುವ ತಗಡು ಕಟ್ಟಿ.

ಮೊದಲ ಸ್ಟಾರ್ಟ್, ಆಮೇಲೆ

ಎಣ್ಣೆ ತುಂಬಿ. ಕ್ರ್ಯಾಂಕ್ ಸೆನ್ಸರಿನ ಕನೆಕ್ಟರ್ ಕಳಚಿ, ಎಣ್ಣೆಯ ದೀಪ ಆರುವವರೆಗೆ ಸ್ವಲ್ಪ ಸ್ವಲ್ಪ ಸ್ಟಾರ್ಟರ್ ತಿರುಗಿಸಿ. ಆಮೇಲೆ ಕನೆಕ್ಟರ್ ಹಾಕಿ ಸ್ಟಾರ್ಟ್ ಮಾಡಿ. ಮೊದಲ ಕೆಲವು ನಿಮಿಷ ಟಕಟಕ ಸದ್ದು ಬರುತ್ತದೆ, ಅದು ಹೈಡ್ರಾಲಿಕ್ ಲಿಫ್ಟರುಗಳಿಗೆ ಎಣ್ಣೆ ತುಂಬುವ ಸದ್ದು, ಗಾಬರಿ ಬೇಡ. ಚೆಕ್ ಎಂಜಿನ್ ದೀಪ ಆರದಿದ್ದರೆ, ಹಾರ್ನೆಸ್ಸಿನಲ್ಲಿ ಜೋಡಿಯಾಗಿ ಸಿಗುವ ಕಪ್ಪು ಕನೆಕ್ಟರುಗಳನ್ನು ಸೇರಿಸಿ ಕೀ ತಿರುಗಿಸಿ. ದೀಪ ಮಿನುಗುವ ಲೆಕ್ಕದಲ್ಲಿ ದೋಷದ ನಂಬರ್ ಹೇಳುತ್ತದೆ. ಈ ಕನೆಕ್ಟರುಗಳನ್ನು ಹಾರ್ನೆಸ್ ಕತ್ತರಿಸುವಾಗ ಎಸೆಯದೇ ಇರಿ.

ಮೊದಲ ವಾರ ಮನೆಯ ಸುತ್ತ ಹತ್ತು ಕಿಲೋಮೀಟರಿನೊಳಗೇ ಓಡಿಸಿ. ಪ್ರತಿ ಸಲ ಬಂದು ಟಾರ್ಚ್ ಹಿಡಿದು ಕೆಳಗೆ ನೋಡಿ, ಮೂಗಿನಿಂದ ಪೆಟ್ರೋಲ್ ವಾಸನೆ ನೋಡಿ, ತಣ್ಣಗಾದ ಮೇಲೆ ಕೂಲಂಟ್ ಮಟ್ಟ ನೋಡಿ. ಹೀಟರ್ ತೆರೆದು ಒಮ್ಮೆ, ಮುಚ್ಚಿ ಒಮ್ಮೆ ಓಡಿಸಿ, ಮುಳ್ಳು ಎರಡರಲ್ಲೂ ಒಂದೇ ಕಡೆ ನಿಲ್ಲಬೇಕು. 500 ಕಿಲೋಮೀಟರ್ ಆದ ಮೇಲೆ ಕ್ಯಾರಿಯರ್ ಬಾರು, ಬೆಲ್‌ಹೌಸಿಂಗು, ಎಕ್ಸಾಸ್ಟಿನ ಬೋಲ್ಟುಗಳನ್ನೂ ಪ್ರತಿ ಹೋಸ್ ಕ್ಲಾಂಪನ್ನೂ ಮತ್ತೆ ಬಿಗಿಯಿರಿ.

ಅದಾದ ಮೇಲೆ ದೂರದ ಊರಿಗೆ ಹೊರಡಬಹುದು. ನನ್ನ ಗಾಡಿಯಲ್ಲಿ ಒಂದು ಡಬ್ಬಿ ಯಾವಾಗಲೂ ಇರುತ್ತದೆ. ಅದರಲ್ಲಿ ಒಂದು ಥರ್ಮೋಸ್ಟಾಟ್, ಎರಡು ರಿಲೇ, ಫ್ಯೂಸುಗಳು, ಒಂದು ಮೀಟರ್ ಪೆಟ್ರೋಲ್ ಹೋಸು, ಕ್ಲಾಂಪುಗಳು, ಎರಡು ಲೀಟರ್ ಕೂಲಂಟ್. ಡಬ್ಬಿಯ ಮುಚ್ಚಳದ ಒಳಗೆ, ಪ್ಲಾಸ್ಟಿಕ್ ಹೊದಿಸಿ, ನಾನೇ ಬರೆದ ವೈರಿಂಗ್ ನಕ್ಷೆ ಅಂಟಿಸಿದ್ದೇನೆ. ಈ ಹಾರ್ನೆಸ್ಸಿನ ನಕ್ಷೆ ಯಾವ ವರ್ಕ್‌ಶಾಪಿನಲ್ಲೂ ಸಿಗುವುದಿಲ್ಲ. ನಾನಿಲ್ಲದಾಗ ಗಾಡಿ ನಿಂತರೆ, ಬಾನೆಟ್ಟಿಲ್ಲದ ಈ ವಿಚಿತ್ರ ಗಾಡಿಯ ಹಿಂಬಾಗಿಲು ತೆರೆದು ನೋಡುವ ಮೆಕ್ಯಾನಿಕ್‌ಗೂ ಅದು ಬೇಕಾಗುತ್ತದೆ.